ಹಳೇ ಡ್ರಾಯಿಂಗ್: ಗುಹೆ, ಮುದುಕ, ಹಕ್ಕಿ. ಯಾವ ಸಂತ ಇದು, ಬರೆದೋರು ಯಾರು?

ಕಾಕ್ಸ್‌ಟೌನ್_ಕಡೆಯವ

ಎಲ್ರಿಗೂ ನಮಸ್ಕಾರ. ನಂದು ಬ್ಯಾಂಕ್ ಕೆಲಸ, ಚಿತ್ರಕಲೆಗೂ ನಂಗೂ ಸಂಬಂಧ ಇಲ್ಲ, ಇಲ್ಲಿ ತಿಳಿದೋರು ಇದೀರ ಅಂತ ಕೇಳ್ತಿದೀನಿ. ನಾವು ಚಿಕ್ಕೋರಿದ್ದಾಗ ಕಾಕ್ಸ್ ಟೌನಲ್ಲಿ ಬಾಡಿಗೆಗಿದ್ವಿ, ಮನೆ ಓನರ್ ವಯಸ್ಸಾದ ಆಂಗ್ಲೋ ಇಂಡಿಯನ್ ಆಂಟಿ, ಅವ್ರು ಮಕ್ಕಳ ಹತ್ರ ಆಸ್ಟ್ರೇಲಿಯಾಗೆ ಹೊರಟಾಗ ಮನೆ ಸಾಮಾನೆಲ್ಲ ಅವ್ರಿವ್ರಿಗೆ ಹಂಚಿ, ನಮ್ಮಮ್ಮಂಗೆ ಒಂದು ಹೊಲಿಗೆ ಮಷೀನು, ಫ್ರೇಮ್ ಹಾಕಿದ್ದ ಒಂದು ಚಿತ್ರ ಕೊಟ್ಟು ಹೋದ್ರು. ಮಷೀನು ಈಗ್ಲೂ ಓಡುತ್ತೆ. ಚಿತ್ರ ಮಾತ್ರ ಬೀರು ಹಿಂದೆ ಸೇರ್ಕೊಂಡಿತ್ತು. ಈಗ ಮನೆಗೆ ಸುಣ್ಣಬಣ್ಣ ಮಾಡಿಸೋವಾಗ ಹೊರಗೆ ತೆಗೆದ್ರೆ ಹಿಂದಿನ ಪ್ಲೈವುಡ್ ಬಿಟ್ಕೊಂಡು ಬಂತು, ಒಳಗಿರೋ ಕಾಗದ ನೋಡಿದ್ರೆ ಪ್ರಿಂಟ್ ಥರ ಅನ್ನಿಸ್ಲಿಲ್ಲ.

ಸೈಜು ಹೆಚ್ಚುಕಮ್ಮಿ 26 ಸೆಂ.ಮೀ. ಎತ್ತರ, 19 ಅಗಲ. ಕಂದು ಮಸಿಯ ಗೆರೆ, ಅದ್ರ ಮೇಲೆ ಅದೇ ಬಣ್ಣನ ತೆಳು ಮಾಡಿ ಬ್ರಶ್‌ನಲ್ಲಿ ನೆರಳು ಹಾಕಿದಾರೆ. ಬಂಡೆ, ಗುಹೆ ಬಾಯಿ, ಅಲ್ಲಿ ಉದ್ದ ಗಡ್ಡದ ಮುದುಕ ಮಂಡಿ ಊರಿ ಕೂತಿದಾನೆ, ಮೈಮೇಲೆ ಬಟ್ಟೆ ಇಲ್ಲ, ಸೊಂಟಕ್ಕೆ ಮಾತ್ರ ಏನೋ ಸುತ್ತಿದೆ, ಕೈ ಜೋಡಿಸ್ಕೊಂಡು ಮೇಲೆ ನೋಡ್ತಿದಾನೆ. ಎಡಗಡೆ ಮೇಲಿಂದ ಒಂದು ಹಕ್ಕಿ ಇಳೀತಿದೆ, ಕೊಕ್ಕಲ್ಲಿ ಗುಂಡಗೆ ಏನೋ ಕಚ್ಚಿದೆ. ಮುಂದೆ ಒಂದು ಪುಸ್ತಕ, ಪಕ್ಕದಲ್ಲಿರೋದು ಬುರುಡೆನೋ ಕಲ್ಲೋ ಗೊತ್ತಾಗ್ತಿಲ್ಲ. ಬಲಗಡೆ ಕೆಳಮೂಲೇಲಿ ಒಂದು ಪ್ರಾಣಿ, ಅಲ್ಲಿ ನೀರು ಬಿದ್ದು ಕಲೆ ಆಗಿದೆ, ಅರ್ಧ ಮಾತ್ರ ಕಾಣೋದು. ನಮ್ಮ ಮಗಳು ನಾಯಿ ಅಂತಾಳೆ, ನಂಗೆ ಸಿಂಹ ಅನ್ಸುತ್ತೆ. ಕೆಳಗೆ ಇನ್ನೂ ಕಪ್ಪಗಿರೋ ಬೇರೆ ಮಸೀಲಿ ‘ಸ್ಪಾನ್ಯೊಲೆಟ್ಟೊ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ಹಿಂದಿನ ರಟ್ಟಿನ ಮೇಲೆ ಒಂದು ಚೀಟಿ, ಅದ್ರಲ್ಲಿ ಪೆನ್ಸಿಲ್‌ನಲ್ಲಿ ಸಂತ ಜೆರೋಮ್ ಅಂತಿದೆ. ಫೋಟೋ ಹಾಕಿದೀನಿ, ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದಿದ್ದು, ಕ್ಷಮಿಸಿ.

ಚೀಟೀಲಿರೋದು ನಿಜಾನಾ? ಈ ಸ್ಪಾನ್ಯೊಲೆಟ್ಟೊ ಅನ್ನೋನು ಬರೆದಿದ್ದಾ?

ಮಾಗಡಿರೋಡ್_ಮಗ

ಗುರೂ ಲಾಟರಿ ಹೊಡೀತು ನಿಂಗೆ!! ಅಮೆರಿಕದಲ್ಲಿ ಒಬ್ಬ ಮನೆ ಸಾಮಾನು ಮಾರೋ ಕಡೆ 30 ಡಾಲರ್ ಕೊಟ್ಟು ಒಂದು ಡ್ರಾಯಿಂಗ್ ತಗೊಂಡಿದ್ದ, ಕೊನೆಗೆ ಜರ್ಮನಿಯ ಹಳೇ ಕಾಲದ ದೊಡ್ಡ ಕಲಾವಿದ ಡ್ಯೂರರ್ ಬರೆದಿದ್ದು ಅಂತ ತಜ್ಞರು ಹೇಳಿದ್ರು, 2021ರಲ್ಲಿ ನ್ಯೂಸಲ್ಲಿ ಬಂದಿತ್ತು. ಇಲ್ಲಿ ಕೇಳ್ತಾ ಕೂರಬೇಡ, ಸೀದಾ ಲಂಡನ್‌ಗೆ ಕೊರಿಯರ್ ಮಾಡು.

ಭಾನುವಾರದ_ಶಾಲೆ

ನಮಸ್ತೆ ಸರ್. ಇದು ಜೆರೋಮ್ ಅಲ್ಲ, ಪ್ರವಾದಿ ಎಲೀಯ. 1 ಅರಸುಗಳು 17ನೇ ಅಧ್ಯಾಯ ತೆಗೆದು ನೋಡಿ. ಅರಸ ಅಹಾಬನಿಗೆ ಮಳೆ ಬರಲ್ಲ ಅಂತ ಹೇಳಿ ಕೆರೀತ್ ಹಳ್ಳದ ಹತ್ರ ಬಚ್ಚಿಟ್ಕೊಂಡಿರ್ತಾರೆ, ಕಾಗೆಗಳು ಬೆಳಿಗ್ಗೆ ಸಾಯಂಕಾಲ ರೊಟ್ಟಿ ಮಾಂಸ ತಂದು ಕೊಡ್ತವೆ. ನಾನು ಎಷ್ಟೋ ವರ್ಷದಿಂದ ಮಕ್ಕಳಿಗೆ ಈ ಕಥೆ ಹೇಳ್ತಿದೀನಿ, ಚಾರ್ಟಲ್ಲೂ ಹೀಗೇ ಇರುತ್ತೆ, ಗಡ್ಡ, ಬಂಡೆ, ಕಾಗೆ. ಕೊಕ್ಕಲ್ಲಿ ಗುಂಡಗಿರೋದು ರೊಟ್ಟಿನೇ.

ನೊವೇನಾ_ಆಂಟಿ

ಶಾಲೆ ಮೇಡಂ, ಕಾಗೆ ತಂದ ರೊಟ್ಟಿ ತಿಂದೋರು ಎಲೀಯ ಒಬ್ರೇ ಅಲ್ವಲ್ಲಾ. ನಮ್ಮ ಕಥೋಲಿಕರಲ್ಲಿ ಇನ್ನೊಬ್ರು ಇದಾರೆ, ತಪಸ್ವಿ ಪೌಲ. ಪತ್ರ ಬರೆದ ಅಪೊಸ್ತಲ ಪೌಲ ಅಲ್ಲ, ಈಜಿಪ್ಟಿನ ಮರುಭೂಮೀಲಿ ಗುಹೆ ಸೇರಿದೋರು, ಮೊಟ್ಟಮೊದಲ ತಪಸ್ವಿ ಅಂತ ಅವ್ರಿಗೆ ಹೆಸರು. ಕ್ರೈಸ್ತರಿಗೆ ಹಿಂಸೆ ಕೊಡ್ತಿದ್ದ ಕಾಲದಲ್ಲಿ ಊರು ಬಿಟ್ಟು ಓಡಿಹೋದೋರು ವಾಪಸ್ ಬರ್ಲೇ ಇಲ್ಲ, ಖರ್ಜೂರದ ಮರದ ಗರಿ ಹೆಣೆದು ಅದನ್ನೇ ಉಟ್ಕೋತಿದ್ರು, ದಿನಾ ಒಂದು ಕಾಗೆ ಅರ್ಧ ರೊಟ್ಟಿ ತಂದು ಹಾಕ್ತಿತ್ತು. ಅವ್ರಿಗೆ 113 ವರ್ಷ ಆದಾಗ ಸಂತ ಅಂತೋಣಿ ಹುಡುಕ್ಕೊಂಡು ಬರ್ತಾರೆ, ಅವ್ರಿಗೂ ಆಗ 90. ಅವತ್ತು ಕಾಗೆ ಪೂರ್ತಿ ರೊಟ್ಟಿ ತರುತ್ತೆ, ಇಬ್ರಿಗೂ ಆಗ್ಲಿ ಅಂತ. (ನಾವಿಲ್ಲಿ ಮಂಗಳವಾರ ನೊವೇನಾ ಪ್ರಾರ್ಥನೆಗೆ ಹೋಗೋದು ಪಾದುವಾದ ಅಂತೋಣಿಗೆ, ಅವ್ರು ಸುಮಾರು ಒಂಬೈನೂರು ವರ್ಷ ಆಮೇಲಿನೋರು, ಮಿಕ್ಸ್ ಮಾಡ್ಕೋಬೇಡಿ.) ಪೌಲ ತೀರಿಕೊಂಡಾಗ ಎರಡು ಸಿಂಹ ಬಂದು ಪಂಜದಲ್ಲಿ ಮಣ್ಣು ಕೆರೆದು ಗುಂಡಿ ತೋಡ್ತವೆ. ನಿಮ್ಮ ಮೂಲೇಲಿರೋದು ಸಿಂಹ ಆಗಿದ್ರೆ ನಂಗೇನೂ ಡೌಟಿಲ್ಲ.

ಇನ್ನೊಂದು ಮಜಾ ಅಂದ್ರೆ ಈ ಕಥೆ ಬರೆದೋರು ಅದೇ ಜೆರೋಮ್. ಹಾಗಾಗಿ ಚೀಟಿ ಬರೆದೋರು ತೀರಾ ದೂರ ಏನೂ ಹೋಗಿಲ್ಲ 😀

ಭಾನುವಾರದ_ಶಾಲೆ

ಗೊತ್ತಿರ್ಲಿಲ್ಲ ಆಂಟಿ, ಥ್ಯಾಂಕ್ಸ್. ಆದ್ರೂ ಸಿಂಹ ಅಂತ ಗ್ಯಾರಂಟಿ ಇಲ್ವಲ್ಲ, ಅವ್ರ ಮಗಳು ನಾಯಿ ಅಂತಿದಾಳೆ. ಪುಸ್ತಕ ಇದ್ದ ಮಾತ್ರಕ್ಕೆ ಎಲೀಯ ಅಲ್ಲ ಅಂತಾನೂ ಹೇಳಕ್ಕಾಗಲ್ಲ.

ಮಸಿಕುಡಿಕೆ

ಜಗಳ ಚೆನ್ನಾಗಿದೆ, ನಾನೂ ಸೇರ್ಕೋತೀನಿ. ಕಾಲೇಜಲ್ಲಿ ಕಲಾ ಇತಿಹಾಸ ಪಾಠ ಮಾಡ್ತಿದ್ದೆ, ಈಗ ರಿಟೈರ್ಡು, ಟೈಮಿದೆ, ಉದ್ದ ಆಗುತ್ತೆ.

ಮೊದಲು ಅದು ಕೈಯಲ್ಲೇ ಬರೆದಿದ್ದಾ ಅಂತ ನೋಡಿ, ಆಮೇಲೆ ಮಿಕ್ಕಿದ್ದು. ಹಳೇ ಡ್ರಾಯಿಂಗ್‌ಗಳನ್ನ ಪ್ರಿಂಟಲ್ಲಿ ತದ್ರೂಪ ತೆಗೆಯೋ ದಂಧೆ 18ನೇ ಶತಮಾನದಿಂದಾನೇ ಜೋರಾಗಿತ್ತು, ಗ್ವೆರ್ಚೀನೋ ಅನ್ನೋ ಇಟಲಿ ಕಲಾವಿದನ ಡ್ರಾಯಿಂಗ್‌ಗಳನ್ನ ಬಾರ್ತೊಲೋಜ್ಜಿ ತಾಮ್ರದ ತಗಡಲ್ಲಿ ಕೊರೆದು ಅಚ್ಚು ಹಾಕಿದ್ದು ಇವತ್ತಿಗೂ ಎಷ್ಟೋ ಜನರ ಮನೇಲಿ ಒರಿಜಿನಲ್ ಅಂತ ನೇತಾಡ್ತಿವೆ. ತಗಡಿನ ಅಚ್ಚಾದ್ರೆ, ಅಂಚು ಕತ್ತರಿಸಿಲ್ಲ ಅಂದ್ರೆ ಸುತ್ತ ಒತ್ತಿದ ಗುರುತಿರುತ್ತೆ. 19ನೇ ಶತಮಾನದಲ್ಲಿ ಕಾಲೋಟೈಪ್ ಅನ್ನೋ ಫೋಟೋದಿಂದ ಅಚ್ಚು ತೆಗೆಯೋ ಕ್ರಮ ಬಂತು, ಅದು ಇನ್ನೂ ಮೋಸ, ಆದ್ರೆ ಭೂತಗನ್ನಡಿ ಹಿಡಿದ್ರೆ ಬಣ್ಣದ ಜಾಗದಲ್ಲಿ ಒಡೆದ ಮಣ್ಣಿನ ಥರ ಸಣ್ಣ ಬಲೆ ಕಾಣುತ್ತೆ. ಕೈಯಲ್ಲಿ ಹಾಕಿದ ಮಸಿ ಹಾಗಿರಲ್ಲ, ಗೆರೆ ಶುರುವಾಗೋ ಕಡೆ, ಮುಗಿಯೋ ಕಡೆ, ಎರಡು ಗೆರೆ ದಾಟೋ ಕಡೆ ದಟ್ಟವಾಗಿ ನಿಂತಿರುತ್ತೆ.

ಇನ್ನು ಯಾರು ಅನ್ನೋದು. ಸೋಮನಾಥಪುರಕ್ಕೆ ಹೋದಾಗ ಒಳಗಿರೋದು ಕೇಶವನಾ ಜನಾರ್ದನನಾ ಅಂತ ಮುಖ ನೋಡಿ ಹೇಳ್ತೀವಾ? ಶಂಖ ಚಕ್ರ ಗದೆ ಪದ್ಮ ಯಾವ ಕೈಲಿದೆ ಅಂತ ತಾನೇ ನೋಡೋದು, ವಿಷ್ಣುವಿನ ಇಪ್ಪತ್ನಾಲ್ಕು ಮೂರ್ತಿಗಳನ್ನ ಬೇರೆ ಮಾಡೋದೇ ಆ ಕ್ರಮ. ಇಲ್ಲೂ ಅಷ್ಟೇ, ಗಡ್ಡದ ಮುದುಕ ಅಂದ್ರೆ ಹತ್ತು ಜನ ಸಿಗ್ತಾರೆ. ಜೆರೋಮ್ ಆದ್ರೆ ಕಾರ್ಡಿನಲ್‌ನ ಕೆಂಪು ಟೋಪಿ ಎಲ್ಲಾದ್ರೂ ಬಿದ್ದಿರಬೇಕು, ಇಲ್ಲಾ ಎದೆಗೆ ಹೊಡ್ಕೊಳ್ಳೋಕೆ ಕೈಲಿ ಕಲ್ಲು, ಸಿಂಹ ಅವ್ರ ಜೊತೇಲೂ ಇರುತ್ತೆ ಆದ್ರೆ ರೊಟ್ಟಿ ತರೋ ಹಕ್ಕಿ ಅವ್ರ ಕಥೇಲಿ ಇಲ್ಲ. ಹಾಗಾಗಿ ಚೀಟಿ ಬಿಟ್ಟಾಕಿ. ಎಲೀಯನಾ ಪೌಲನಾ ಅನ್ನೋದಕ್ಕೆ ಪುಸ್ತಕ ಸಾಕ್ಷಿ ಆಗಲ್ಲ, ಶಾಲೆ ಮೇಡಂ ಹೇಳಿದ್ದು ಸರಿ. ಕಥೋಲಿಕರ ಕಾರ್ಮೆಲೈಟ್ ಪಂಥದ ಸನ್ಯಾಸಿಗಳು ಎಲೀಯನನ್ನೇ ತಮ್ಮ ಮೂಲಪುರುಷ ಅಂತಾರೆ, ಅವ್ರಿಗೋಸ್ಕರ ಬರೆದ ಚಿತ್ರಗಳಲ್ಲಿ ಎಲೀಯನೂ ಸನ್ಯಾಸಿ ಥರಾನೇ ಇರ್ತಾನೆ. ಎರಡು ಕಡೆ ನೋಡಿ. ಒಂದು, ಎಲ್ಲಾದ್ರೂ ಶಿಲುಬೆ, ಜಪಸರ ಇದ್ಯಾ, ಇದ್ರೆ ಕ್ರಿಸ್ತನಿಗಿಂತ ನೂರಾರು ವರ್ಷ ಹಿಂದಿನ ಎಲೀಯ ಆಗೋದು ಕಷ್ಟ. ಎರಡು, ಸೊಂಟಕ್ಕೆ ಸುತ್ತಿರೋದು ಬಟ್ಟೆನಾ ಹೆಣೆದ ಗರೀನಾ.

ಸ್ಪಾನ್ಯೊಲೆಟ್ಟೊ ಅಂದ್ರೆ ಹುಸೇಪೆ ದೆ ರಿಬೇರಾ. 1591ರಲ್ಲಿ ಸ್ಪೇನಲ್ಲಿ ಹುಟ್ಟಿ, ಇಟಲಿಗೆ ಹೋಗಿ, ನೇಪಲ್ಸಲ್ಲಿ ಬೇರೂರಿ 1652ರಲ್ಲಿ ಅಲ್ಲೇ ತೀರಿಕೊಂಡ. ಅದು ಅವನಿಗೆ ಇಟಲಿಯೋರು ಇಟ್ಟ ಅಡ್ಡಹೆಸರು. ಬತ್ತಿದ ಮೈಯ ಮುದುಕ ತಪಸ್ವಿಗಳು ಅವನ ಸ್ಪೆಷಾಲಿಟಿ, ಪೌಲನನ್ನೂ ಒಂದಕ್ಕಿಂತ ಹೆಚ್ಚು ಸಲ ಬರೆದಿದಾನೆ. ಚರ್ಮದ ಸುಕ್ಕು, ಕತ್ತಿನ ನರ ಹಾಗೆ ಬರೆಯೋರು ಕಡಿಮೆ. ಇಲ್ಲೇ ಇರೋದು ಪೇಚು, ಅವನು ಅದಕ್ಕೇ ಅಷ್ಟು ಫೇಮಸ್ ಆಗಿದ್ರಿಂದ ಬಟ್ಟೆ ಇಲ್ಲದ ಮುದುಕ ಸಂತ ಯಾರು ಬರೆದಿದ್ರೂ ಆಮೇಲೆ ಬಂದ ವ್ಯಾಪಾರಿ, ಸಂಗ್ರಾಹಕ ಅದ್ರ ಕೆಳಗೆ ಸ್ಪಾನ್ಯೊಲೆಟ್ಟೊ ಅಂತ ಗೀಚಿಬಿಡ್ತಿದ್ದ. ಮಸಿ ಬೇರೆ ಅಂತ ನೀವೇ ಹೇಳ್ತಿದೀರ. ಅದನ್ನ ಸಹಿ ಅಂತ ತಗೋಬೇಡಿ, ಯಾವುದೋ ಕಾಲದಲ್ಲಿ ಯಾರೋ ಒಬ್ರ ಅಭಿಪ್ರಾಯ ಅಷ್ಟೇ. ಮೇಲಾಗಿ ಅವನು 1621ರಲ್ಲಿ ಮಾಡಿದ ಜೆರೋಮ್, ಅಳೋ ಪೇತ್ರ, 1624ರ ಬಾರ್ತೊಲೊಮೇಯ ಈ ಎಚಿಂಗ್‌ಗಳು (ತಗಡನ್ನ ಆಸಿಡ್‌ನಲ್ಲಿ ಕೊರೆದು ತೆಗೆದ ಅಚ್ಚು) ಯುರೋಪ್ ಪೂರ್ತಿ ಓಡಾಡಿದ್ವು, ಕಲಿಯೋ ಹುಡುಗ್ರು ಅದನ್ನ ಇಟ್ಕೊಂಡು ಕೈ ಪಳಗಿಸ್ತಿದ್ರು. ಅಂಥ ಅಭ್ಯಾಸದ ಹಾಳೆ ಎಷ್ಟು ಉಳಿದಿದೆಯೋ ಲೆಕ್ಕ ಇಲ್ಲ.

ಫೋಟೋದಲ್ಲಿ ನಂಗೆ ಕಂಡಿದ್ದು: ಮುಖ, ಗಡ್ಡ ಬರೆದ ಕೈ ಧೈರ್ಯವಾಗಿದೆ. ಪಾದ ದುರ್ಬಲ. ಕಾಪಿ ಮಾಡೋನು ಗೆರೆ ಎಲ್ಲಿ ಹೋಗಬೇಕು ಅಂತ ಮೊದಲೇ ಗೊತ್ತಿರೋದ್ರಿಂದ ತಿದ್ದಲ್ಲ, ನಿಧಾನಕ್ಕೆ ನೀಟಾಗಿ ಹೋಗ್ತಾನೆ. ಯೋಚನೆ ಮಾಡ್ತಾ ಬರೆಯೋನು ಚಿತ್ರದಲ್ಲಿರೋನ ಕೈನ ಒಂದು ಕಡೆ ಬರೆದು, ಸರಿ ಹೋಗ್ಲಿಲ್ಲ ಅಂತ ಪಕ್ಕದಲ್ಲೇ ಇನ್ನೊಂದು ಗೆರೆ ಎಳೀತಾನೆ. ಅಂಥ ಜೋಡಿ ಗೆರೆ ಇದ್ಯಾ ಹುಡುಕಿ. ಹಾಗೇ ನೆರಳಿನ ಓರೆಗೆರೆ ಯಾವ ಕಡೆ ವಾಲಿದೆ ನೋಡಿ, ಬಲಗೈಯವ್ರದು ಸಾಮಾನ್ಯವಾಗಿ ಮೇಲೆ ಬಲದಿಂದ ಕೆಳಗೆ ಎಡಕ್ಕೆ ಬರುತ್ತೆ.

ಹಳೇಪೇಪರ್

ಮಸಿಕುಡಿಕೆ ಸರ್ ಎಲ್ಲ ಹೇಳಿಬಿಟ್ರು, ನಾನು ಕಾಗದದ ವಿಷ್ಯ ಮಾತ್ರ ಹೇಳ್ತೀನಿ, ಪೇಪರ್ ಕನ್ಸರ್ವೇಶನ್ ನನ್ನ ಕೆಲಸ.

ಆ ಕಂದು ಮಸಿ ಮೊದಲು ಕಪ್ಪಗೇ ಇದ್ದಿರಬಹುದು. ಯುರೋಪಲ್ಲಿ ಆಗಿನ ಕಾಲದ ಮಾಮೂಲಿ ಮಸಿ ಅಂದ್ರೆ ಮಾಚಿಕಾಯಿ, ಅನ್ನಭೇದಿ, ಗೋಂದು. ಹೌದು, ಬಾಣಂತಿ ಸಾಮಾನಿಗೆ ಚಿಕ್ಕಪೇಟೆ ಗ್ರಂಧಿಗೆ ಅಂಗಡೀಲಿ ತರ್ತೀವಲ್ಲ ಅದೇ ಮಾಚಿಕಾಯಿ. ನಮ್ಮಲ್ಲಿ ಅಳಲೆಕಾಯಿಗೆ ಅನ್ನಭೇದಿ ಹಾಕಿ ಮಸಿ ಮಾಡ್ತಿದ್ದಿದ್ದೂ ಅದೇ ಕೆಮಿಸ್ಟ್ರಿ. ಕಬ್ಬಿಣ ಇರೋದ್ರಿಂದ ವರ್ಷ ಕಳೆದ ಹಾಗೆ ಕಂದಾಗುತ್ತೆ, ದಪ್ಪ ಗೆರೆ ಇರೋ ಕಡೆ ಕಾಗದಾನೇ ತಿನ್ನುತ್ತೆ, ಹಿಂದೆ ತಿರುಗಿಸಿದ್ರೆ ಸುಟ್ಟ ಥರ ಗೆರೆ ಕಾಣುತ್ತೆ. ಕಾಣ್ತಿದ್ರೆ ಒಳ್ಳೇ ಸುದ್ದಿನೂ ಹೌದು ಕೆಟ್ಟ ಸುದ್ದಿನೂ ಹೌದು. ಕಟ್ಟಿಗೆ ಮಸಿಯಿಂದ ಮಾಡೋ ಬಿಸ್ಟರ್ ಅನ್ನೋ ಕಂದು ಬಣ್ಣ ಹಾಗೆ ತಿನ್ನಲ್ಲ, ನೆರಳು ಹಾಕಿರೋದು ಅದಿರಬಹುದು.

ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿ, ನೇರ ಬಿಸಿಲು ಬೇಡ. ಒತ್ತೊತ್ತಾಗಿ ಸಣ್ಣ ಗೆರೆ, ಅದಕ್ಕೆ ಅಡ್ಡ ಎರಡು ಎರಡೂವರೆ ಸೆಂ.ಮೀ.ಗೆ ಒಂದೊಂದು ದೊಡ್ಡ ಗೆರೆ ಕಂಡ್ರೆ ತಂತಿ ಜರಡೀಲಿ ಕೈಯಿಂದ ಎತ್ತಿದ ಕಾಗದ. ಏನೂ ಕಾಣದೆ ಒಂದೇ ಸಮ ಇದ್ರೆ ಅದು ನೇಯ್ದ ಬಲೆ ಮೇಲೆ ಮಾಡಿದ್ದು, ಆ ಥರದ್ದು ಇಂಗ್ಲೆಂಡಲ್ಲಿ 1750ರ ದಶಕದಲ್ಲಿ ಶುರುವಾಯ್ತು, ರಿಬೇರಾ ಕಥೆ ಅಲ್ಲಿಗೇ ಮುಗೀತು. ವಾಟರ್‌ಮಾರ್ಕ್ (ಕಾಗದ ಮಾಡಿದೋರು ಅದ್ರೊಳಗೇ ಮೂಡಿಸಿದ ಗುರುತು) ಇದ್ರೆ ಫೋಟೋ ತೆಗೀರಿ. ಆದ್ರೆ ನೆನಪಿಡಿ, ಚಿತ್ರ ಕಾಗದಕ್ಕಿಂತ ಹಳೇದಾಗಿರಕ್ಕಾಗಲ್ಲ, ಹೊಸದಾಗಿರಬಹುದು. ಎರಿಕ್ ಹೆಬ್‌ಬಾರ್ನ್ ಅನ್ನೋ ಇಂಗ್ಲಿಷ್ ಆಸಾಮಿ ಹಳೇ ಖಾಲಿ ಕಾಗದ ಹುಡುಕಿ, ಹಳೇ ಕ್ರಮದಲ್ಲೇ ಮಸಿ ಮಾಡಿ, ದೊಡ್ಡ ದೊಡ್ಡ ಮ್ಯೂಸಿಯಮ್‌ಗಳಿಗೇ ಟೋಪಿ ಹಾಕಿದ್ದ. ನಿಮ್ಮ ಆಂಟಿ ಹಾಗೆ ಮಾಡಿದ್ರು ಅಂತಲ್ಲ 😄

ಅಂಚಲ್ಲಿ, ಹಿಂದೆ ಚಿಕ್ಕ ಮುದ್ರೆ ಇದ್ಯಾ? ಸಂಗ್ರಾಹಕರು ತಮ್ಮ ಗುರುತು ಒತ್ತೋ ರೂಢಿ ಇತ್ತು. ಫ್ರಿಟ್ಸ್ ಲುಗ್ಟ್ ಅನ್ನೋರು 1921ರಲ್ಲೇ ಅದ್ರ ದೊಡ್ಡ ಪಟ್ಟಿ ಮಾಡಿದಾರೆ, ಈಗ ಆನ್‌ಲೈನಲ್ಲಿ ಫ್ರೀ. ಒಂದು ಮುದ್ರೆ ಸಿಕ್ಕಿದ್ರೆ ಆ ಗೀಚಿದ ಹೆಸರಿಗಿಂತ ಅದಕ್ಕೇ ಬೆಲೆ ಜಾಸ್ತಿ.

ಮಾಗಡಿರೋಡ್ ಬ್ರದರ್, ಕೊರಿಯರ್ ಐಡಿಯಾ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾಕೃತೀನ ಖಾಸಗಿಯವರು ದೇಶದಿಂದ ಆಚೆ ಕಳಿಸೋ ಹಾಗಿಲ್ಲ. ಇಟಲಿ ಮಾಲು ನಮಗೇನು ಅಂತ ಅಂದ್ಕೊಂಡು ಕಸ್ಟಮ್ಸಲ್ಲಿ ಸಿಕ್ಕಾಕ್ಕೋಬೇಡಿ, ಮೊದಲು ಕೇಂದ್ರದ ಪುರಾತತ್ವ ಇಲಾಖೆ, ಅಂದ್ರೆ ಎ.ಎಸ್.ಐ.ನೋರನ್ನ ಕೇಳ್ಬೇಕು.

ಮಾಗಡಿರೋಡ್_ಮಗ

ಸರಿ ಸಾರ್, ಲಂಡನ್ ಕ್ಯಾನ್ಸಲ್. ರೇಟಾದ್ರೂ ಎಷ್ಟಾಗ್ಬಹುದು ಹೇಳಿ ಮಾರಾಯ್ರೆ.

ಮಸಿಕುಡಿಕೆ

ಅದು ಹೆಸರಿನ ಹಿಂದೆ ಯಾವ ಬಾಲ ಅಂಟುತ್ತೆ ಅನ್ನೋದ್ರ ಮೇಲೆ. ಹರಾಜಿನ ಕ್ಯಾಟಲಾಗಲ್ಲಿ ಬರೀ ರಿಬೇರಾ ಅಂತಿದ್ರೆ ಅವನೇ ಬರೆದಿದ್ದು ಅಂತ ಅವ್ರ ಮಾತು, ‘ರಿಬೇರಾ ಇರಬಹುದು’ ಅಂದ್ರೆ ಒಂದು ಮೆಟ್ಟಿಲು ಕೆಳಗೆ, ಅವನ ಕಾರ್ಖಾನೆಯೋರು ಅಂದ್ರೆ ಇನ್ನೊಂದು, ಅವನ ಸುತ್ತಲಿನೋರು, ಅನುಯಾಯಿ, ಅವನ ಶೈಲೀಲಿ ಅಂತ ಇಳೀತಾ ಇಳೀತಾ ಕೊನೇಗೆ ‘ಅವನದನ್ನ ನೋಡಿ ಬರೆದಿದ್ದು’ ಅನ್ನೋ ತಳ. ಮೆಟ್ಟಿಲು ಇಳಿದ ಹಾಗೆ ಸೊನ್ನೆಗಳೂ ಉದುರುತ್ತೆ. ಫೋಟೋ ನೋಡಿ ರೇಟ್ ಹೇಳೋರ ಹತ್ರ ಹೋಗ್ಲೇಬೇಡಿ.

ಕಾಕ್ಸ್‌ಟೌನ್_ಕಡೆಯವ

ಎಲ್ರಿಗೂ ಸಿಕ್ಕಾಪಟ್ಟೆ ಥ್ಯಾಂಕ್ಸ್, ಇಷ್ಟು ರಿಪ್ಲೈ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಭಾನುವಾರ ಮಗಳ ಜೊತೆ ಕೂತು ಎಲ್ಲ ನೋಡಿದ್ವಿ, ಅವಳದೇ ಸ್ಕೂಲ್ ಪ್ರಾಜೆಕ್ಟಿನ ಭೂತಗನ್ನಡಿ. ಬಲೆ ಗಿಲೆ ಏನೂ ಇಲ್ಲ, ಗೆರೆ ದಾಟೋ ಕಡೆ ಮಸಿ ದಟ್ಟ ಇದೆ. ಓರೆಗೆರೆ ಬಲಗೈಯವ್ರದೇ. ಕಾಗದದಲ್ಲಿ ನೀವು ಹೇಳಿದ ಎರಡೂ ಥರ ಗೆರೆ ಇದೆ, ಮಧ್ಯ ಒಂದು ವೃತ್ತದೊಳಗೆ ಮೂರು ಎಸಳಿನ ಹೂ ಥರ ಕಾಣುತ್ತೆ, ಅರ್ಧಕ್ಕೆ ರಟ್ಟು ಅಂಟಿಸಿರೋದ್ರಿಂದ ಪೂರ್ತಿ ಕಾಣಲ್ಲ, ಕೀಳೋಕೆ ಭಯ. ಮುದ್ರೆ ಯಾವುದೂ ಸಿಗ್ಲಿಲ್ಲ. ಬಲ ಮೊಣಕೈ ಎರಡು ಸಲ ಬರೆದಿದಾರೆ, ಮೊದಲನೇದು ತೆಳ್ಳಗೆ ಸ್ವಲ್ಪ ಕೆಳಗಿದೆ.

ಇನ್ನು ಮುಖ್ಯವಾದ್ದು, ಟಾರ್ಚ್‌ನ ಪಕ್ಕದಿಂದ ಹಿಡಿದಾಗ ಪುಸ್ತಕದ ಹಿಂದೆ ಎರಡು ಕಡ್ಡಿ ಕಟ್ಟಿದ ಶಿಲುಬೆ ಬಂಡೆಗೆ ಒರಗಿಸಿರೋದು ಕಾಣ್ತು, ನೆರಳಲ್ಲಿ ಮುಚ್ಚಿಹೋಗಿತ್ತು. ಸೊಂಟದ ಹತ್ರ ಅಡ್ಡ ಉದ್ದ ಗೀರು, ಚಾಪೆ ಥರ.

ನೊವೇನಾ_ಆಂಟಿ

ಪೌಲ! ಪೌಲ! ನಾನು ಹೇಳ್ಲಿಲ್ವಾ.

ಭಾನುವಾರದ_ಶಾಲೆ

ಶಿಲುಬೆ ಇದ್ಮೇಲೆ ಒಪ್ಪಿಕೊಂಡೆ ಆಂಟಿ. ಆದ್ರೆ ಒಂದು ಪ್ರಶ್ನೆ. ನೀವೇ ಹೇಳಿದ್ರಿ ದಿನಾ ಅರ್ಧ ರೊಟ್ಟಿ, ಅಂತೋಣಿ ಬಂದ ದಿನ ಮಾತ್ರ ಪೂರ್ತಿ ಅಂತ. ಇಲ್ಲಿ ಗುಂಡಗೆ ಪೂರ್ತಿ ಇದೆಯಲ್ಲ, ಅಂತೋಣಿ ಎಲ್ಲಿ?

ಮಸಿಕುಡಿಕೆ

ಮೇಡಂ, ಇದು ನನಗೆ ಹೊಳೆದಿರ್ಲಿಲ್ಲ, ಭೇಷ್. ಎಲ್ಲ ಕಲಾವಿದರೂ ಅಷ್ಟು ಲೆಕ್ಕ ಇಟ್ಟು ರೊಟ್ಟಿ ಬರೆಯಲ್ಲ, ಒಬ್ಬನೇ ಪೌಲ ಇದ್ರೂ ಗುಂಡಗೆ ಬರೆದುಬಿಡ್ತಾರೆ, ಅದೊಂದೇ ಆಧಾರ ಸಾಲದು. ಆದ್ರೆ ಇಬ್ರೂ ಇರೋ ದೃಶ್ಯ ತುಂಬಾ ಜನಪ್ರಿಯ, ಡ್ಯೂರರ್ ಮರದಚ್ಚಲ್ಲಿ ಮಾಡಿದಾನೆ, ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಮ್‌ನಲ್ಲಿರೋ, ಸ್ಪೇನಿನ ಕಲಾವಿದ ವೆಲಾಸ್ಕೆಸ್‌ನ ಚಿತ್ರದಲ್ಲಿ ಇಬ್ರು ಮುದುಕರು, ಕಾಗೆ, ದೂರದಲ್ಲಿ ಗುಂಡಿ ತೋಡೋ ಸಿಂಹ ಎಲ್ಲಾ ಒಂದೇ ಕಡೆ ಇದೆ. ಕಾಕ್ಸ್‌ಟೌನ್ ಅವ್ರೇ, ಬಲ ಅಂಚು ಹೇಗಿದೆ ನೋಡಿ ಹೇಳಿ. ಆ ಪ್ರಾಣಿ ಅರ್ಧ ಇರೋದು ನೀರಿನ ಕಲೆಯಿಂದಾನಾ, ಕಾಗದ ಅಲ್ಲಿಗೇ ಮುಗಿದಿರೋದ್ರಿಂದಾನಾ? ಅಂತೋಣಿ ಜೊತೆ ಸಾಮಾನ್ಯವಾಗಿ ಇರೋ ಪ್ರಾಣಿ ಹಂದಿ.

ಕಾಕ್ಸ್‌ಟೌನ್_ಕಡೆಯವ

ನೋಡಿದೆ ಸರ್. ಎಡಗಡೆ, ಮೇಲೆ, ಕೆಳಗೆ ಮೂರೂ ಕಡೆ ಚಿತ್ರದ ಸುತ್ತ ಒಂದು ಸಣ್ಣ ಚೌಕಟ್ಟಿನ ಗೆರೆ ಇದೆ, ಬಲಗಡೆ ಇಲ್ಲ. ಬಲಗಡೆ ಬಂಡೆಯ ನೆರಳು ಕಾಗದದ ಅಂಚಿನವರೆಗೂ ಹೋಗಿ ಕಟ್ ಆಗಿದೆ. ಪ್ರಾಣಿ ಬೆನ್ನೂ ಅಲ್ಲೇ ಕಟ್. ಸಿಂಹ ಅಂತ ಹಠ ಮಾಡ್ತಿದ್ದೆ, ಈಗ ಕೇಸರ ಅಂದ್ಕೊಂಡಿದ್ದು ಕಲೆನೇ ಇರಬಹುದು ಅನ್ಸುತ್ತೆ. ಮಗಳು ಹಂದಿಗೆ ಓಟು ಹಾಕಿದಾಳೆ.

ಮಸಿಕುಡಿಕೆ

ಹಾಗಾದ್ರೆ ದೊಡ್ಡ ಹಾಳೆಯ ಒಂದು ಭಾಗ ಇದು, ಬಲಗಡೆ ಯಾರೋ ಕತ್ತರಿಸಿದಾರೆ, ಹಾಳಾಗಿತ್ತೋ, ಎರಡು ಮಾಡಿ ಮಾರೋಣ ಅಂತಲೋ. ಮೊಣಕೈ ತಿದ್ದಿರೋದ್ರಿಂದ ಸುಮ್ಮನೆ ಕಾಪಿ ಅಂತ ತಳ್ಳಿಹಾಕೋಕೂ ಮನಸ್ಸು ಬರ್ತಿಲ್ಲ. ವೃತ್ತದೊಳಗಿನ ಲಿಲ್ಲಿ ಹೂ 16, 17ನೇ ಶತಮಾನದ ಇಟಲಿ ಕಾಗದದಲ್ಲಿ ಸಾಮಾನ್ಯ, ಅದ್ರಲ್ಲೇ ಬೇಕಾದಷ್ಟು ಬಗೆ ಇದೆ. ಸದ್ಯಕ್ಕೆ ಫೈಲಲ್ಲಿ ಹೀಗೆ ಬರೆದಿಟ್ಕೊಳ್ಳಿ: ಇಟಲಿ, 17ನೇ ಶತಮಾನ ಇರಬಹುದು, ತಪಸ್ವಿ ಪೌಲ, ಪ್ರಾಯಶಃ ಅಂತೋಣಿಯ ಭೇಟಿಯ ಒಂದು ತುಂಡು, ಹಳೇ ಬರಹ ಸ್ಪಾನ್ಯೊಲೆಟ್ಟೊ ಅನ್ನುತ್ತೆ. ರಿಬೇರಾ ಅಂತ ನಾನಂತೂ ಹೇಳಲ್ಲ, ಆ ಪಾದಗಳು ಅವನವಲ್ಲ.

ಹಳೇಪೇಪರ್

ಆ ರಟ್ಟು ನೀವು ಕೀಳಲೇಬೇಡಿ, ನೀರು, ಸ್ಟೀಮು ಯಾವುದೂ ಬೇಡ, ಇಂಥ ಮಸಿಗೆ ತೇವ ತಾಗಿದ್ರೆ ಹರಡಿ ಇನ್ನಷ್ಟು ತಿನ್ನುತ್ತೆ. ಕುಮಾರಕೃಪಾ ರಸ್ತೆ ಚಿತ್ರಕಲಾ ಪರಿಷತ್ತಲ್ಲಿ ಇನ್‌ಟ್ಯಾಕ್ ಅನ್ನೋ ಪರಂಪರೆ ಉಳಿಸೋ ಸಂಸ್ಥೆಯೋರ ಕನ್ಸರ್ವೇಶನ್ ಸೆಂಟರ್ ಇದೆ, ಮೊದಲು ಫೋನ್ ಮಾಡಿ ಹೋಗಿ. ಎರಡು ಗಟ್ಟಿ ರಟ್ಟಿನ ಮಧ್ಯ ಮಲಗಿಸಿ ತಗೊಂಡ್ ಹೋಗಿ, ಸುರುಳಿ ಸುತ್ತಬೇಡಿ, ಸೆಲ್ಲೋಟೇಪ್ ಹತ್ರಾನೂ ತರಬೇಡಿ, ಮಳೆ ಇರೋ ದಿನ ಆಟೋ ಬೇಡ. ಅಲ್ಲಿ ರಟ್ಟು ಬಿಡಿಸೋವಾಗ ಬಲ ಅಂಚಿನ ಹಿಂಭಾಗದ ಫೋಟೋ ಕೇಳಿ ತಗೊಳ್ಳಿ, ಕತ್ತರಿಸಿದ್ದು ಹಳೇದಾ ಹೊಸದಾ ಅಂತ ಅಂಚಿನ ಕೊಳೆ ನೋಡಿದ್ರೆ ತಿಳಿಯುತ್ತೆ. ವಾಟರ್‌ಮಾರ್ಕ್ ಪೂರ್ತಿ ಕಂಡ್ರೆ ಇಲ್ಲೇ ಹಾಕಿ, ಹುಡುಕಿಕೊಡ್ತೀನಿ. ವಾಪಸ್ ಬಂದ್ಮೇಲೆ ಹಾಲಲ್ಲಿ ಕಿಟಕಿ ಎದುರು ನೇತು ಹಾಕಬೇಡಿ, ಇಂಥ ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಕೊಡಲ್ಲ ನಾವು.